ಓದುಗರ ಪ್ರಶ್ನೆ: ಹಿಮಗಾಲದ ಹೊಳೆಯಲ್ಲಿ ಗ್ರೇಲಿಂಗ್‌ಗೆ ಗಾಳ

ಇಂಗ್ಲೆಂಡಿನ ಹೊಳೆಗಳಲ್ಲಿ ಟ್ರೌಟ್ ಹಿಡಿಯುವ ಕಾಲ ಶರತ್ಕಾಲದಲ್ಲಿ ಮುಗಿದರೂ ಗ್ರೇಲಿಂಗ್ ಎಂಬ ಮೀನಿಗೆ ಚಳಿಗಾಲದುದ್ದಕ್ಕೂ ಗಾಳ ಹಾಕಬಹುದು ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆ ಸಾಲನ್ನು ಹಿಡಿದು ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಜನವರಿಯಲ್ಲಿ ವಾರ್ಫ್ ನದಿಗೆ ಗ್ರೇಲಿಂಗ್ ಹಿಡಿಯಲು ಬನ್ನಿ ಎಂದು ನೆರೆಮನೆಯವರು ಕರೆದಿದ್ದಾರೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಮೀನು ಎರೆಯನ್ನು ಮುಟ್ಟುತ್ತದೆಯೇ? ಎಂಥ ದಿನ ನೋಡಿ ಹೋಗಬೇಕು? (ಲೀಡ್ಸ್‌ನ ಓದುಗರು)

ಉತ್ತರ: ಮುಟ್ಟುತ್ತದೆ. ಗ್ರೇಲಿಂಗ್ ಸಾಲ್ಮನ್ ಮತ್ತು ಟ್ರೌಟ್‌ಗಳ ಕುಟುಂಬಕ್ಕೇ ಸೇರಿದ ಮೀನಾದರೂ ಅದರ ಪಂಚಾಂಗ ಬೇರೆ. ಟ್ರೌಟ್ ಶರತ್ಕಾಲದ ಕೊನೆಯಿಂದ ಚಳಿಗಾಲದ ನಡುವಿನವರೆಗೆ ಮೊಟ್ಟೆಯಿಟ್ಟು ಬಡಕಲಾಗುತ್ತದೆ. ಗ್ರೇಲಿಂಗ್ ಮಾರ್ಚ್‌ನಿಂದ ಮೇ ತಿಂಗಳ ನಡುವೆ ಮೊಟ್ಟೆಯಿಡುವುದರಿಂದ ಡಿಸೆಂಬರ್, ಜನವರಿಗಳಲ್ಲಿ ಅದು ಮೈತುಂಬಿಕೊಂಡು ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ. ಉಳಿದ ಅನೇಕ ಮೀನುಗಳು ಮಂಕಾಗಿ ಕುಳಿತಿರುವ ತಣ್ಣೀರಿನಲ್ಲೂ ಅದು ಮೇಯುವುದನ್ನು ಬಿಡುವುದಿಲ್ಲ.

ಆದರೆ ನೀವು ನೋಡಬೇಕಾದದ್ದು ಗಾಳಿಯ ತಾಪಮಾನವನ್ನಲ್ಲ, ನೀರಿನದನ್ನು. ಗಾಳದ ಚೀಲದಲ್ಲಿ ನೀರಿಗಿಳಿಸುವ ಒಂದು ಅಗ್ಗದ ತಾಪಮಾಪಕವನ್ನು ಇಟ್ಟುಕೊಂಡರೆ ದುಬಾರಿ ಗಾಳದ ಕೋಲಿಗಿಂತ ಹೆಚ್ಚು ಉಪಯೋಗವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ವಾರ್ಫ್, ಯೂರ್, ನಿಡ್ ಮುಂತಾದ ಯಾರ್ಕ್‌ಶೈರ್ ಹೊಳೆಗಳು ಬೆಟ್ಟದ ಮಳೆನೀರನ್ನು ಹೊತ್ತು ತರುವಂಥವು. ಅವುಗಳ ನೀರು ಹವಾಮಾನದೊಂದಿಗೆ ಬೇಗ ಏರಿಳಿಯುತ್ತದೆ. ನಾಲ್ಕೈದು ದಿನ ಒಂದೇ ಸಮನೆ ಇಬ್ಬನಿ ಹೆಪ್ಪುಗಟ್ಟಿ, ಮಳೆಯಿಲ್ಲದೆ ಹೊಳೆ ಇಳಿದು ತಿಳಿಯಾಗಿದ್ದರೆ, ನೀರು ನಾಲ್ಕು ಡಿಗ್ರಿಯಲ್ಲಿದ್ದರೂ ಮೀನು ಆ ಚಳಿಗೆ ಹೊಂದಿಕೊಂಡಿರುತ್ತದೆ. ನಿನ್ನೆ ಏಳು ಡಿಗ್ರಿ ಇದ್ದದ್ದು ಇಂದು ನಾಲ್ಕಕ್ಕೆ ಕುಸಿದಿದ್ದರೆ ಮಾತ್ರ ಹೊಳೆ ಬರಿದಾಗಿದೆಯೇನೋ ಎಂಬಂತೆ ತೋರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹಿಮ ಕರಗುವ ದಿನ. ಬಿಸಿಲು ಬಿದ್ದು ಗಾಳಿ ಬೆಚ್ಚಗಾಯಿತೆಂದು ಜನ ಹುರುಪಿನಿಂದ ಹೊರಡುತ್ತಾರೆ, ಅದೇ ಹೊತ್ತಿಗೆ ಬೆಟ್ಟದ ಮೇಲಿನ ಹಿಮವೆಲ್ಲ ಕರಗಿ ಕೊರೆಯುವ ಕದಡಿದ ನೀರಾಗಿ ಹೊಳೆಗೆ ಇಳಿಯುತ್ತಿರುತ್ತದೆ. ಅಂಥ ದಿನ ಮನೆಯಲ್ಲೇ ಇದ್ದು ಗಾಳದ ಗಂಟುಗಳನ್ನು ಕಟ್ಟಿಕೊಳ್ಳಿ.

ಬೆಳಗಿನ ಜಾವ ಏಳುವ ಅಗತ್ಯವೂ ಇಲ್ಲ. ತುಂಗೆಯಲ್ಲೋ ಕಾವೇರಿಯಲ್ಲೋ ಗಾಳ ಹಾಕಿದವರಿಗೆ ನಸುಕೇ ಶ್ರೇಷ್ಠವೆಂಬ ನಂಬಿಕೆ ರಕ್ತಗತವಾಗಿರುತ್ತದೆ; ಇಲ್ಲಿ ಹನ್ನೊಂದರಿಂದ ಮೂರು ಗಂಟೆಯವರೆಗಿನ ಹೊತ್ತೇ ದಿನದ ಸಾರ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಸೂರ್ಯ ಮುಳುಗಿಯೇ ಬಿಡುತ್ತಾನೆ. ಚಳಿಗಾಲದಲ್ಲಿ ಗ್ರೇಲಿಂಗ್‌ಗಳು ಗುಂಪುಗೂಡಿ, ಸೆಳವು ಕಡಿಮೆಯಾಗಿ ನೀರು ಸಮನಾಗಿ ಹರಿಯುವ, ಎದೆಮಟ್ಟಕ್ಕಿಂತ ಆಳದ ಜಾಗಗಳನ್ನು ಸೇರುತ್ತವೆ. ಆದ್ದರಿಂದ ಅರ್ಧ ಗಂಟೆ ಏನೂ ಸಿಗದಿದ್ದರೆ ಅಲ್ಲೇ ತಪಸ್ಸು ಮಾಡದೆ ಮುಂದಿನ ಮಡುವಿಗೆ ನಡೆಯಿರಿ. ಒಂದು ಸಿಕ್ಕಿತೆಂದರೆ ಅದೇ ಜಾಗದಲ್ಲಿ ಇನ್ನೂ ಹಲವು ಇರುತ್ತವೆ.

ಪ್ರಶ್ನೆ: ನಮ್ಮೂರ ಬಳಿಯ ಇಚೆನ್ ನದಿಯಿಂದ ಜನವರಿ ಬೆಳಗ್ಗೆ ಹಬೆ ಏಳುತ್ತದೆ, ನೀರು ಹೆಪ್ಪುಗಟ್ಟುವುದೇ ಇಲ್ಲ. ಇಲ್ಲಿಗೂ ಅದೇ ನಿಯಮಗಳೇ? (ಸೌತಾಂಪ್ಟನ್‌ನ ಓದುಗರು)

ಉತ್ತರ: ಇಲ್ಲ, ನಿಮ್ಮದು ಅದೃಷ್ಟವಂತರ ಹೊಳೆ. ಇಚೆನ್, ಟೆಸ್ಟ್ ಮೊದಲಾದ ದಕ್ಷಿಣದ ನದಿಗಳು ಸುಣ್ಣದ ಬಂಡೆಯೊಳಗೆ ಇಂಗಿದ ಮಳೆನೀರು ಮತ್ತೆ ಊಟೆಯಾಗಿ ಹೊರಬಂದು ಆದಂಥವು, ಮತ್ತು ಆ ನೀರು ವರ್ಷವಿಡೀ ಹೆಚ್ಚುಕಡಿಮೆ ಹತ್ತು ಡಿಗ್ರಿಯಲ್ಲೇ ಹುಟ್ಟುತ್ತದೆ. ಮಲೆನಾಡಿನ ಬಾವಿಯಿಂದ ಧನುರ್ಮಾಸದ ಮುಂಜಾನೆ ಸೇದಿದ ನೀರು ಕೈಗೆ ಬೆಚ್ಚಗೆನಿಸುವ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ. ಊಟೆಗಳಿಗೆ ಹತ್ತಿರವಿದ್ದಷ್ಟೂ ನೀರು ಬೆಚ್ಚಗಿರುತ್ತದೆ. ಮೋಡ ಕವಿದ, ಗಾಳಿಯಿಲ್ಲದ ಮಧ್ಯಾಹ್ನ ಸಣ್ಣ ಹುಳುಗಳು ನೀರಿನಿಂದೆದ್ದು, ಗ್ರೇಲಿಂಗ್‌ಗಳು ಮೇಲಕ್ಕೆ ಬಂದು ಅವನ್ನು ಹೀರುವುದನ್ನೂ ನೀವು ಕಾಣಬಹುದು. ಆಗ ತೇಲುವ ಕೃತಕ ನೊಣವನ್ನು ಕಟ್ಟಿ ನೋಡಿ. ಜನವರಿಯಲ್ಲಿ ಅದಕ್ಕಿಂತ ಸೊಗಸಾದ ಅರ್ಧ ಗಂಟೆ ಇನ್ನೊಂದಿಲ್ಲ.

ಪ್ರಶ್ನೆ: ಯಾವ ಗಾಳ, ಯಾವ ಎರೆ, ಎಷ್ಟು ಆಳ? ಮೂರು ಬಾರಿ ಹೋಗಿ ಬರಿಗೈಯಲ್ಲಿ ಬಂದಿದ್ದೇನೆ. ಬೆಂಡು ಅಲುಗಲೇ ಇಲ್ಲ. (ಡರ್ಬಿಯ ಓದುಗರು)

ಉತ್ತರ: ಮೂರು ಬಾರಿಯೂ ನಿಮ್ಮ ಎರೆ ಮೀನಿನ ತಲೆಯ ಮೇಲಿನಿಂದ ಹಾದುಹೋಗಿರಬೇಕು. ಗ್ರೇಲಿಂಗ್‌ನ ಬಾಯಿ ಮೂತಿಯ ಕೆಳಭಾಗದಲ್ಲಿದೆ. ಅದು ತಳದ ಗರಸಿನ ಮೇಲೆ ಮೇಯಲು ಒದಗಿಬಂದ ಬಾಯಿ. ತಣ್ಣೀರಿನಲ್ಲಿ ಅದು ಒಂದು ಹುಳುವಿಗಾಗಿ ಎರಡು ಅಡಿ ಮೇಲೇಳುವ ಶ್ರಮ ಪಡುವುದಿಲ್ಲ. ಎರೆ ತಳಕ್ಕಿಂತ ಎರಡು ಮೂರು ಇಂಚು ಮೇಲೆ, ತಳದ ನೀರಿನ ವೇಗದಲ್ಲೇ ಸಾಗಬೇಕು. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಅದು ಎರೆಯನ್ನು ಎಳೆದುಕೊಂಡು ಓಡುತ್ತದೆ; ಆದ್ದರಿಂದ ದಾರವನ್ನು ಬೆರಳಿನಲ್ಲಿ ಒತ್ತಿ ಬೆಂಡನ್ನು ಕೊಂಚ ತಡೆದು ತಡೆದು ಬಿಡಬೇಕು. ಇಲ್ಲಿನ ಹಳಬರು ಸೆಂಟರ್‌ಪಿನ್ ಎಂಬ, ಸೆಳವಿಗೆ ತಾನೇ ತಿರುಗುವ ಸರಳ ಗಾಲಿಯ ರೀಲನ್ನು ಇಂದಿಗೂ ಬಿಡದಿರುವುದು ಈ ತಡೆಹಿಡಿಯುವ ಹದಕ್ಕಾಗಿಯೇ. ಹಾಕಿದ ಪ್ರತಿ ಸಲವೂ ಎರೆ ತಳಕ್ಕೆ ತಾಗಿ ಬೆಂಡು ಒಮ್ಮೆ ಮುಳುಗುವವರೆಗೆ ಆಳವನ್ನು ಹೆಚ್ಚಿಸುತ್ತ ಹೋಗಿ, ಅನಂತರ ಒಂದೆರಡು ಇಂಚು ಕಡಿಮೆ ಮಾಡಿದರೆ ಲೆಕ್ಕ ಸರಿಯಾಗುತ್ತದೆ.

ಎರೆಗೆ ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ಮ್ಯಾಗಟ್, ಅಂದರೆ ನೊಣದ ಮರಿಹುಳುವೇ ಸಾಕು. 16 ಅಥವಾ 18ರ ಅಳತೆಯ, ಮರುಮುಳ್ಳಿಲ್ಲದ ಕೊಕ್ಕೆಗೆ ಒಂದೋ ಎರಡೋ ಹುಳು ಚುಚ್ಚಿ, ಪ್ರತಿ ಸಲ ಬೆಂಡು ಬಿಡುವಾಗಲೂ ಹತ್ತಕ್ಕಿಂತ ಕಡಿಮೆ ಹುಳುಗಳನ್ನು ಮೇಲ್ಗಡೆಯ ನೀರಿಗೆ ಚೆಲ್ಲುತ್ತಿರಿ. ಕೈತುಂಬ ಚೆಲ್ಲಿದರೆ ಮಂಕಾದ ಮೀನಿನ ಹೊಟ್ಟೆ ಬೇಗ ತುಂಬಿ ಆಟ ಅಲ್ಲಿಗೇ ಮುಗಿಯುತ್ತದೆ. ಹುಳುಗಳೂ ಚಳಿಗೆ ಮರಗಟ್ಟಿ ಅಲುಗದಂತಾಗುವುದರಿಂದ ಒಂದಿಷ್ಟನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಒಳಜೇಬಿನಲ್ಲಿಟ್ಟುಕೊಳ್ಳುವುದು ವಾಡಿಕೆ. (ಉಳಿದ ಹುಳುಗಳನ್ನು ಮನೆಯ ಫ್ರಿಜ್ಜಿನಲ್ಲಿಡುವ ಮೊದಲು ಮನೆಯವರ ಒಪ್ಪಿಗೆ ಪಡೆಯಿರಿ. ಮೊಸರಿನ ಪಾತ್ರೆಯ ಪಕ್ಕದಲ್ಲಿಟ್ಟು ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ.)

ಹುಳು ಮುಟ್ಟಲು ಹೇಸುವವರು ಭಾರದ ಕೃತಕ ಹುಳುಗಳನ್ನು ಬಳಸಬಹುದು. ಪೋಲೆಂಡ್ ಮತ್ತು ಆಗಿನ ಚೆಕೊಸ್ಲೊವಾಕಿಯಾದ ಸ್ಪರ್ಧಿಗಳು ಬೆಳಕಿಗೆ ತಂದ ಪದ್ಧತಿಯಲ್ಲಿ, ಟಂಗ್‌ಸ್ಟನ್ ಮಣಿ ಪೋಣಿಸಿದ ಎರಡು ಹುಳುಗಳನ್ನು ಬಹಳ ಗಿಡ್ಡ ದಾರದಲ್ಲಿ, ಹೆಚ್ಚುಕಡಿಮೆ ಕೋಲಿನ ತುದಿಯ ಕೆಳಗೇ, ತಳವನ್ನು ಸವರುವಂತೆ ಸಾಗಿಸುತ್ತಾರೆ. ದಾರ ಒಂದು ಕ್ಷಣ ನಿಂತಂತೆ ಕಂಡರೂ ಕೋಲೆತ್ತಬೇಕು. ಕೃತಕ ಹುಳುಗಳಲ್ಲಿ ‘ಕಿಲ್ಲರ್ ಬಗ್’ ಎಂಬುದರ ಕಥೆ ತಮಾಷೆಯದು. ವಿಲ್ಟ್‌ಶೈರಿನ ಏವನ್ ನದಿಯ ಪಾಲಕರಾಗಿದ್ದ ಫ್ರ್ಯಾಂಕ್ ಸಾಯರ್ ಅದನ್ನು ಚ್ಯಾಡ್‌ವಿಕ್ಸ್ 477 ಎಂಬ ಕಾಲುಚೀಲ ಹೊಲಿಯುವ ಉಣ್ಣೆದಾರದಿಂದ ಸುತ್ತಿದರು. ಟ್ರೌಟ್ ಹೊಳೆಯಲ್ಲಿ ಗ್ರೇಲಿಂಗ್ ಕಳೆಯಿದ್ದಂತೆ ಎಂದು ಎಣಿಸಿ ಅದನ್ನು ಹಿಡಿದು ತೆಗೆಯುತ್ತಿದ್ದ ಕಾಲ ಅದು. ಈಗ ಆ ದಾರದ ತಯಾರಿಕೆ ನಿಂತಿದೆ, ಉಳಿದ ಸುರುಳಿಗಳು ಒಡವೆಯ ಬೆಲೆಗೆ ಕೈಬದಲಾಗುತ್ತವೆ, ಕಳೆ ಎನಿಸಿಕೊಂಡಿದ್ದ ಮೀನಿನ ಹಿತಕ್ಕಾಗಿ 1977ರಲ್ಲಿ ಹುಟ್ಟಿದ ಗ್ರೇಲಿಂಗ್ ಸೊಸೈಟಿಯೂ ಇದೆ.

ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟಿದರೆ ಬೆರಳಿನಿಂದ ಕೀಳಬೇಡಿ, ಉಂಗುರದ ಒಳಪದರ ಒಡೆಯುತ್ತದೆ. ಕೋಲನ್ನು ಹೊಳೆಯಲ್ಲಿ ಅರ್ಧ ನಿಮಿಷ ಅದ್ದಿ ಹಿಡಿಯಿರಿ. ಹೊಳೆಯ ನೀರು ಮಂಜಿಗಿಂತ ಬಿಸಿ.

ಪ್ರಶ್ನೆ: ಇದಕ್ಕೆ ಪರವಾನಗಿ ಬೇಕೇ? (ರೆಡಿಂಗ್‌ನ ಓದುಗರು)

ಉತ್ತರ: ಎರಡು ಬೇಕು. ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದ ಎಲ್ಲರೂ ಎನ್‌ವಿರಾನ್‌ಮೆಂಟ್ ಏಜೆನ್ಸಿಯ ಗಾಳದ ಪರವಾನಗಿಯನ್ನು ಪಡೆದಿರಬೇಕು. 13ರಿಂದ 16ರವರಿಗೆ ಅದು ಉಚಿತ. ಅದರ ಜೊತೆಗೆ ಆ ದಡದ ಹಕ್ಕುಳ್ಳ ಜಮೀನುದಾರರ ಅಥವಾ ಕ್ಲಬ್ಬಿನ ಅನುಮತಿಯೂ ಬೇಕು, ಬಹುತೇಕ ಕಡೆ ಅದು ಒಂದು ದಿನದ ಚೀಟಿಯ ರೂಪದಲ್ಲಿ ಸಿಗುತ್ತದೆ. ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಗ್ರೇಲಿಂಗ್‌ಗೆ ಗಾಳ ಹಾಕುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಪರವಾನಗಿಯ ಪದ್ಧತಿ ಇಲ್ಲ, ಆದರೆ ದಡದವರ ಅನುಮತಿ ಅಲ್ಲೂ ಬೇಕು.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗ ಗ್ರೇಲಿಂಗ್ ಹಿಡಿದು ಮತ್ತೆ ನೀರಿಗೇ ಬಿಡುತ್ತಾನಂತೆ. ತಿನ್ನಲಾಗದ ಮೀನೇ ಅದು? ಅದಕ್ಕೆ ಸೊಪ್ಪಿನ ಪರಿಮಳವಿದೆಯೆಂದೂ ಹೇಳುತ್ತಾನೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ತಿನ್ನಬಹುದು, ರುಚಿಯೂ ಚೆನ್ನಾಗಿದೆ. ಇಂಗ್ಲೆಂಡಿನ ನದಿಗಳಲ್ಲಿ ಒಬ್ಬರು ದಿನಕ್ಕೆ 30ರಿಂದ 38 ಸೆಂಟಿಮೀಟರ್ ಉದ್ದದ ಎರಡು ಗ್ರೇಲಿಂಗ್‌ಗಳನ್ನು ಮಾತ್ರ ಕೊಂಡೊಯ್ಯಬಹುದೆಂದು ಕಾನೂನಿದೆ, ದಡದ ಒಡೆಯರು ಒಪ್ಪಿದರೆ ಮಾತ್ರ. ಹೆಚ್ಚಿನ ಕ್ಲಬ್ಬುಗಳು ಒಪ್ಪುವುದಿಲ್ಲ. ಕಾವೇರಿಯ ಮಹಶೀರ್‌ಗಳನ್ನು ಹಿಡಿದು ಬಿಡುತ್ತಿದ್ದ ಗಾಳಗಾರರನ್ನು ನೀವು ಕೇಳಿರಬಹುದು, ಇದೂ ಅದೇ ಬಗೆ. ಪರಿಮಳದ ವಿಚಾರ ಅದರ ವೈಜ್ಞಾನಿಕ ಹೆಸರಿನಲ್ಲೇ ಇದೆ: ಥೈಮಾಲಸ್ ಎಂಬುದು ಥೈಮ್ ಸೊಪ್ಪಿನಿಂದ ಬಂದ ಹೆಸರು. ಥೈಮ್‌ಗೆ ಆ ಘಾಟು ಕೊಡುವ ಥೈಮಾಲ್ ಎಂಬ ಅಂಶವೇ ನಮ್ಮ ಓಮಿನ ಕಾಳಿನಲ್ಲೂ ಇರುವುದರಿಂದ, ಒಂದು ಚಿಟಿಕೆ ಓಮನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ನಿಮ್ಮ ಮಗ ಹೇಳುವ ವಾಸನೆಯ ಅಂದಾಜು ತೀರ್ಥಹಳ್ಳಿಯಲ್ಲೇ ಸಿಗುತ್ತದೆ. ನನ್ನ ಮೂಗಿಗೆ ಮಾತ್ರ ಅದು ಆಗತಾನೆ ಹೆಚ್ಚಿದ ಸೌತೆಕಾಯಿಯ ವಾಸನೆ.

ಬಿಡುವುದರಲ್ಲೂ ಒಂದು ಕ್ರಮವಿದೆಯೆಂದು ನಿಮ್ಮ ಮಗನಿಗೆ ತಿಳಿಸಿ. ಗಾಳಿ ಸೊನ್ನೆಗಿಂತ ಕೆಳಗಿರುವಾಗ ಒದ್ದೆಯಾದ ಕಿವಿರಿನ ನವಿರಾದ ಎಳೆಗಳು ಕ್ಷಣಗಳಲ್ಲೇ ಹೆಪ್ಪುಗಟ್ಟಿ ಹಾಳಾಗಬಹುದು. ಆದ್ದರಿಂದ ಫೋಟೋಕ್ಕಾಗಿ ಮೀನನ್ನು ಎತ್ತಿ ಹಿಡಿಯದೆ, ಕೈಬಲೆಯನ್ನು ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಬೇಕು. ಗ್ರೇಲಿಂಗ್ ಬೇಗ ಸುಸ್ತಾಗುವ ಮೀನು. ಹಾಗೇ ಬಿಟ್ಟರೆ ಮಗ್ಗುಲಾಗಿ ತೇಲಿಹೋಗುತ್ತದೆ. ಒದ್ದೆ ಕೈಯಲ್ಲಿ ಹೊಟ್ಟೆಯಡಿ ಆಸರೆ ಕೊಟ್ಟು, ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬಡಿದು ಹೊರಡುವವರೆಗೆ ಕಾಯಬೇಕು. ಆ ದೊಡ್ಡ ಬೆನ್ನಿನ ರೆಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವುದನ್ನು ನೀರಿನಲ್ಲಿಯೇ ನೋಡುವುದು ಚೆಂದ.

ಪ್ರಶ್ನೆ: ನೀರಿಗಿಳಿದು ಗಾಳ ಹಾಕಲು ಭಯವಾಗುತ್ತದೆ. ದಡದಿಂದಲೇ ಸಾಧ್ಯವಿಲ್ಲವೇ? (ಮ್ಯಾಂಚೆಸ್ಟರ್‌ನ ಓದುಗರು)

ಉತ್ತರ: ಭಯ ಸರಿಯಾದದ್ದೇ. ನಾನೇ ಒಂದು ಫೆಬ್ರವರಿಯಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಜಾರಿ, ಸೊಂಟಮಟ್ಟದ ನೀರಿನಲ್ಲಿ ಕುಳಿತುಬಿಟ್ಟೆ. ಈಜು ಬರುತ್ತದೆಂಬ ಧೈರ್ಯ ಆಗ ಯಾವ ಕೆಲಸಕ್ಕೂ ಬರಲಿಲ್ಲ, ಏಕೆಂದರೆ ಉಸಿರೇ ನನ್ನ ಮಾತು ಕೇಳುತ್ತಿರಲಿಲ್ಲ. ಹದಿನೈದು ಡಿಗ್ರಿಗಿಂತ ತಣ್ಣನೆಯ ನೀರಿಗೆ ಹಠಾತ್ತನೆ ಬಿದ್ದರೆ ದೇಹ ತಡೆಯಲಾಗದಂತೆ ಏದುಸಿರು ಬಿಡುತ್ತದೆ. ಆ ಒಂದೆರಡು ನಿಮಿಷಗಳಲ್ಲಿ ಈಜಲು ಹೆಣಗಾಡದೆ, ಮುಖ ಮೇಲೆ ಮಾಡಿ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ದಡದ ಕಡೆ ಸಾಗಬೇಕೆಂದು ಇಲ್ಲಿನ ರಕ್ಷಣಾ ದಳದವರು ಹೇಳಿಕೊಡುತ್ತಾರೆ.

ದಡದಿಂದ ಬೆಂಡು ಬಿಟ್ಟು ಧಾರಾಳವಾಗಿ ಹಿಡಿಯಬಹುದು, ಚಳಿಗಾಲದಲ್ಲಿ ಮೊದಲ ವರ್ಷ ಹಾಗೇ ಮಾಡಿ. ಇಳಿಯಲೇಬೇಕಾದರೆ ಎದೆಮಟ್ಟದ ವೇಡರ್ ಎಂಬ, ನೀರಿಳಿಯದ ಉಡುಪಿನ ಸೊಂಟಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಊರುಗೋಲು ಹಿಡಿದು, ತೇಲುಜಾಕೀಟು ತೊಟ್ಟು, ಜೊತೆಗೊಬ್ಬರಿದ್ದಾಗ ಮಾತ್ರ ಇಳಿಯಿರಿ. ಒಳಗೆ ಹತ್ತಿಯ ಬಟ್ಟೆ, ಅದರಲ್ಲೂ ಜೀನ್ಸ್, ಬೇಡ. ಒದ್ದೆಯಾದ ಹತ್ತಿ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಉಣ್ಣೆಯ ತೆಳು ಪದರಗಳು ಮೇಲು, ಮತ್ತು ಬೂಟಿನೊಳಗೆ ಬೆರಳಾಡಿಸಲು ಜಾಗವಿರಲಿ, ಬಿಗಿಯಾದ ಎರಡು ಜೊತೆ ಕಾಲುಚೀಲಕ್ಕಿಂತ ಸಡಿಲವಾದ ಒಂದೇ ಬೆಚ್ಚಗಿಡುತ್ತದೆ. ಗಂಟು ಹಾಕಲು ಬೆರಳುಗಳು ತಡವರಿಸತೊಡಗಿದರೆ ಅದು ಎಚ್ಚರಿಕೆ, ಕೂಡಲೇ ಕಾರಿಗೆ ಹೋಗಿ ಫ್ಲಾಸ್ಕ್ ತೆರೆಯಿರಿ.

ಇಳಿಯುವಲ್ಲಿ ಇನ್ನೊಂದನ್ನು ನೋಡಿ. ಸುತ್ತಲಿನ ಪಾಚಿಗಟ್ಟಿದ ತಳದ ನಡುವೆ ತೊಳೆದಿಟ್ಟಂತೆ ಹೊಳೆಯುವ ಗರಸಿನ ತೇಪೆ ಕಂಡರೆ ಅದರ ಮೇಲೆ ಕಾಲಿಡಬೇಡಿ. ಟ್ರೌಟ್ ಬಾಲದಿಂದ ಗುಂಡಿ ತೋಡಿ ಮೊಟ್ಟೆ ಮುಚ್ಚಿಟ್ಟ ಜಾಗ ಅದು, ವಸಂತದವರೆಗೆ ಮೊಟ್ಟೆಗಳು ಅಲ್ಲೇ ಇರುತ್ತವೆ.