ಡ್ರೈವರನ್ನು ಕೊಂದವರು ಯಾರು?

'ದಿ ಬಿಗ್ ಸ್ಲೀಪ್' ಅನ್ನೋ ಹಳೇ ಹಾಲಿವುಡ್ ಪತ್ತೇದಾರಿ ಸಿನಿಮಾ ನೋಡಿದೆ, ಕಾರ್ ಡ್ರೈವರನ್ನು ಕೊಂದವರು ಯಾರಂತ ತಿಳಿಯಲಿಲ್ಲ, ಹಾಗಾದರೆ ಇದು ಕೆಟ್ಟ ಸಿನಿಮಾನಾ ಅಂತ ಕೇಳಿದ್ದೀರಿ. ತಪ್ಪು ನಿಮ್ಮದಲ್ಲ ರೀ, ಸಿನಿಮಾ ಅದನ್ನು ಬಿಡಿಸಿ ಹೇಳುವುದೇ ಇಲ್ಲ. 1945ರ ಪ್ರತಿಯಲ್ಲಿ ಕಥೆಯನ್ನು ವಿವರಿಸುವ ಒಂದು ದೃಶ್ಯ ಇತ್ತು, 1946ರಲ್ಲಿ ಬಿಡುಗಡೆಯಾಗುವಾಗ ಅದನ್ನು ತೆಗೆದು, ನಾಯಕ ಬೊಗಾರ್ಟ್ ಮತ್ತು ನಾಯಕಿ ಬಕಾಲ್ ಜೋಡಿಯ ಹೊಸ ದೃಶ್ಯಗಳನ್ನು ಸೇರಿಸಿದರು.

ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಗೆಳೆಯನ ರೂಮಿನಲ್ಲಿ ಕೂತು ಮೊದಲ ಸಲ ನೋಡಿದಾಗ ನಾನು ಚೀಟಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆ. ಎರಡನೇ ಸಲ ಚೀಟಿ ಬಿಟ್ಟೆ. ಆಗಲೇ ಪುಸ್ತಕದಂಗಡಿಯ ದೃಶ್ಯ ಎಷ್ಟು ಚೆನ್ನಾಗಿದೆ ಅಂತ ಗೊತ್ತಾಯಿತು. ಕಥೆಯ ದಾರಿ ತಪ್ಪಿದರೂ, ಕಣ್ಣ ಮುಂದಿನ ದೃಶ್ಯದಲ್ಲಿ ಯಾರು ಯಾರಿಂದ ಏನು ಮುಚ್ಚಿಡುತ್ತಿದ್ದಾರೆ ಅನ್ನೋದು ಕಾಣಬೇಕು, ಅಷ್ಟು ಸಾಕು. ಸುಮ್ನೆ ನೆರಳು, ಹೊಗೆ ತೋರಿಸಿ ಸುತ್ತಿಸಿದರೆ ಮೋಸ. ಇದು ಹಾಗಿಲ್ಲ. ಇನ್ನೊಮ್ಮೆ ನೋಡಿ.