ಮಗನಿಗೆ ಡಿಫರೆನ್ಶಿಯೇಶನ್ ಲೆಕ್ಕ ಬರುತ್ತದೆ, ಅರ್ಥ ಗೊತ್ತಿಲ್ಲ. ಏನು ಮಾಡಲಿ?

ಮಗ ಸೆಕೆಂಡ್ ಪಿಯುಸಿ, ಲೆಕ್ಕ ಟಕಟಕ ಮಾಡುತ್ತಾನೆ, ‘ಡಿವೈ ಬೈ ಡಿಎಕ್ಸ್ ಅಂದ್ರೆ ಏನಪ್ಪಾ’ ಎಂದರೆ ಮಾತ್ರ ಮುಖ ನೋಡುತ್ತಾನೆ ಎಂದು ಬರೆದಿದ್ದೀರಿ. ಎಕ್ಸ್ ಬದಲಾದಂತೆ ವೈ ಎಷ್ಟು ಬೇಗ ಬದಲಾಗುತ್ತದೆ, ಅದೇ ಡಿವೈ ಬೈ ಡಿಎಕ್ಸ್; ಅದನ್ನು ಕಂಡುಹಿಡಿಯುವ ಲೆಕ್ಕವೇ ಡಿಫರೆನ್ಶಿಯೇಶನ್. ಗಾಬರಿ ಬೇಡ. ವಿಜಯನಗರದಲ್ಲಿ ನನ್ನ ಟ್ಯೂಷನ್‌ಗೆ ಬರುವ ಮಕ್ಕಳಲ್ಲಿ ಜಾಸ್ತಿ ಜನ ಹೀಗೇ ಇರುತ್ತಾರೆ. ಸೂತ್ರ ಉರು ಹೊಡೆದು ಪಾಸಾದ ನಾನೂ ಹೀಗೇ ಇದ್ದೆ.

1981ರಲ್ಲಿ ಡೇವಿಡ್ ಟಾಲ್, ಶ್ಲೋಮೋ ವಿನ್ನರ್ ಎಂಬಿಬ್ಬರು ಗಣಿತ ಕಲಿಕೆಯ ಸಂಶೋಧಕರು ಲಿಮಿಟ್ (ಒಂದು ಬೆಲೆಗೆ ಹತ್ತಿರ ಹತ್ತಿರ ಹೋಗುವುದು, ಡಿಫರೆನ್ಶಿಯೇಶನ್‌ಗೆ ಇದೇ ಬುನಾದಿ) ಬಗ್ಗೆ ಮಕ್ಕಳ ತಲೆಯಲ್ಲಿ ಏನಿದೆ ಎಂದು ನೋಡಿ ಬರೆದರು. ಪುಸ್ತಕದ ವ್ಯಾಖ್ಯೆ ಒಂದು, ಮನಸ್ಸಿನಲ್ಲಿ ಕೂತ ಚಿತ್ರ ಇನ್ನೊಂದು. ಲೆಕ್ಕಕ್ಕೆ ಕೂತಾಗ ಮುಂದೆ ಬರುವುದು ಚಿತ್ರವೇ. ನಮ್ಮ ಮಕ್ಕಳ ಚಿತ್ರ ಏನು ಗೊತ್ತಾ? ‘ಪವರ್ ಕೆಳಗಿಳಿಸು, ಒಂದು ಕಳೆ.’ ಅಷ್ಟೇ.

ಇದು ದಡ್ಡರ ತೊಂದರೆಯಲ್ಲ. ಅಮೆರಿಕದ ಸಂಶೋಧಕಿ ಮಾರಿಲಿನ್ ಕಾರ್ಲ್‌ಸನ್ ಮತ್ತು ಜೊತೆಯವರು ಕ್ಯಾಲ್ಕುಲಸ್‌ನಲ್ಲಿ (ಡಿಫರೆನ್ಶಿಯೇಶನ್ ಬರುವ ಗಣಿತದಲ್ಲಿ) ಚೆನ್ನಾಗಿ ಅಂಕ ತೆಗೆದ ಕಾಲೇಜು ಹುಡುಗರಿಗೆ ಒಂದು ಬಾಟಲಿಯ ಚಿತ್ರ ಕೊಟ್ಟರು. ನೀರು ತುಂಬುತ್ತಾ ಹೋದಂತೆ ಮಟ್ಟ ಹೇಗೆ ಏರುತ್ತದೆ, ಗ್ರಾಫ್ ಬರೆಯಿರಿ ಎಂದರು. ಅಂಥವರೇ ತಡವರಿಸಿದರು. ಅದು 2002ರಲ್ಲಿ ಪ್ರಕಟವಾಯಿತು.

ಓದಿದ ಮೇಲೆ ನಾನು ಬಾಟಲಿ ಬಿಟ್ಟು ಬಿಂದಿಗೆ ಹಿಡಿದೆ. ಕಾವೇರಿ ನೀರು ಬರುವ ದಿನ ಬಿಂದಿಗೆ ತುಂಬದ ಮನೆ ನಮ್ಮ ಬೀದಿಯಲ್ಲಿಲ್ಲ, ಅಲ್ವಾ? ಕಳೆದ ವರ್ಷ ಒಬ್ಬ ಹುಡುಗಿ ಗ್ರಾಫ್ ಕೇಳಿದ ತಕ್ಷಣ ಸ್ಕೇಲ್ ಇಟ್ಟು ನೇರ ಗೆರೆ ಎಳೆದಳು. ಸರಿ ಬಾ ಎಂದು ನಲ್ಲಿ ಹತ್ತಿರ ಕರೆದುಕೊಂಡು ಹೋದೆ. ಅರ್ಧ ಲೀಟರ್ ಚೊಂಬು, ಮರದ ಸ್ಕೇಲು. ಒಂದೊಂದು ಚೊಂಬು ಹಾಕಿ ಮಟ್ಟ ಅಳೆದು ಬರೆದುಕೊಂಡಳು. ತಳದಲ್ಲಿ ಚೊಂಬಿಗೆ ಎರಡು ಸೆಂಟಿಮೀಟರ್ ಏರಿತು. ಹೊಟ್ಟೆಗೆ ಬಂದಾಗ ಒಂದಕ್ಕಿಂತ ಕಡಿಮೆ. ಕತ್ತಿಗೆ ಬಂದಾಗ ಒಂದೇ ಏಟಿಗೆ ನಾಲ್ಕು! ಚುಕ್ಕಿ ಸೇರಿಸಿದರೆ ಗೆರೆ ಮೊದಲು ಬಾಗಿ ಮಲಗುತ್ತದೆ, ಹೊಟ್ಟೆ ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ಆ ತಿರುವೇ ಪುಸ್ತಕದ ಇನ್‌ಫ್ಲೆಕ್ಷನ್ ಪಾಯಿಂಟ್.

‘ಸರ್, ಬಾಯಿ ಸಣ್ಣ ಆದಷ್ಟೂ ಡಿವೈ ಬೈ ಡಿಎಕ್ಸ್ ಜಾಸ್ತಿ’ ಎಂದಳು. ಎಕ್ಸ್ ಅಂದರೆ ಸುರಿದ ನೀರು, ವೈ ಅಂದರೆ ಮಟ್ಟ. ಆ ಮಟ್ಟದಲ್ಲಿ ನೀರಿನ ಮೇಲ್ಮೈ ಎಷ್ಟು ಅಗಲವೋ ಆ ವಿಸ್ತೀರ್ಣದಿಂದ ಒಂದನ್ನು ಭಾಗಿಸಿದರೆ ಅದೇ ಡಿವೈ ಬೈ ಡಿಎಕ್ಸ್. ಸೂತ್ರ ನಾನು ಹೇಳಲಿಲ್ಲ, ಅವಳೇ ಹತ್ತಿರ ಬಂದಳು.

ಹಾಗಂತ ಲೆಕ್ಕ ಮಾಡುವುದನ್ನು ಬಿಡಿಸಬೇಡಿ. ಬೋರ್ಡ್ ಪರೀಕ್ಷೆಗೂ ಸಿಇಟಿಗೂ ಕೈ ಓಡಲೇಬೇಕು. ಸುಮ್ನೆ ‘ಅರ್ಥ ಮಾಡಿಕೋ’ ಎಂದು ಬೈಯುವುದರಿಂದಲೂ ಏನೂ ಆಗದು. ವಾರಕ್ಕೆ ಒಂದು ಸಲ, ಪೆನ್ನು ಮುಟ್ಟುವ ಮೊದಲು, ಯಾವುದು ಬದಲಾದರೆ ಯಾವುದು ಎಷ್ಟು ಬೇಗ ಬದಲಾಗುತ್ತದೆ ಎಂದು ಬಾಯಲ್ಲಿ ಹೇಳಿಸಿ. ಬಿಂದಿಗೆಯಿಂದಲೇ ಶುರುಮಾಡಿ. ನೀರು ಬರುವ ದಿನ ನೋಡಿಕೊಳ್ಳಿ, ಅಳತೆ ಮುಗಿದ ಮೇಲೆ ಆ ನೀರು ಗಿಡಕ್ಕೆ ಹಾಕಿ.