ಕೇಸ್ ಶೀಟ್ ಕೊಡಲು ಆಸ್ಪತ್ರೆಗೆ ಎಷ್ಟು ಸಮಯ?

ಪ್ರಶ್ನೆ: ತಂದೆಯವರಿಗೆ ಖಾಸಗಿ ಆಸ್ಪತ್ರೆಯಲ್ಲಿ ಸೊಂಟದ ಆಪರೇಷನ್ ಆಯಿತು. ಈಗ ತೋರಿಸುತ್ತಿರುವ ಇನ್ನೊಬ್ಬ ವೈದ್ಯರು ಪೂರ್ತಿ ಕೇಸ್ ಶೀಟ್ ತನ್ನಿ ಎಂದಿದ್ದಾರೆ. ಆಸ್ಪತ್ರೆಯವರು ‘ಡಿಸ್ಚಾರ್ಜ್ ಸಮರಿ ಕೊಟ್ಟಾಗಿದೆ’ ಎನ್ನುತ್ತಾರೆ. 72 ಗಂಟೆಯಲ್ಲಿ ಕೊಡಬೇಕು ಎಂದು ಕೆಲವರು, ಐದು ದಿನ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: 72 ಗಂಟೆಯೇ ಸರಿ. 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಾವಳಿಯ 1.3ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಗೊಂದಲ ಹುಟ್ಟಿದ್ದು 2023ರ ಆಗಸ್ಟ್‌ನಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗ ಆಗ ಹೊರಡಿಸಿದ ಹೊಸ ನಿಯಮದಲ್ಲಿ ‘ಐದು ಕೆಲಸದ ದಿನ’ ಎಂದಿತ್ತು. ಅದೇ ತಿಂಗಳು ಆಯೋಗವೇ ಅದನ್ನು ತಡೆಹಿಡಿದು 2002ರ ನಿಯಮಕ್ಕೆ ಮರಳಿತು. ಸುದ್ದಿ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಉಳಿದುಕೊಂಡಿತು.

ಬಾಯಿಮಾತಲ್ಲಿ ಕೇಳಿದರೆ 72 ಗಂಟೆಯ ಲೆಕ್ಕ ಶುರುವಾಗಿದ್ದು ಯಾವಾಗ ಎಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ. ವೈದ್ಯಕೀಯ ಅಧೀಕ್ಷಕರ ಹೆಸರಿಗೆ ಅರ್ಜಿ ಬರೆಯಿರಿ. ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ), ಸೇರಿದ ಮತ್ತು ಬಿಡುಗಡೆಯಾದ ದಿನಾಂಕ ಹಾಕಿ. ತಂದೆಯವರೇ ಸಹಿ ಮಾಡಲಿ. ಆಗದಿದ್ದರೆ ನಿಮಗೆ ಅಧಿಕಾರ ಕೊಟ್ಟ ಪತ್ರ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಮಯ ಹಾಕಿಸದೆ ಕೌಂಟರ್ ಬಿಟ್ಟು ಬರಬೇಡಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.

‘ಫೈಲು ಕೊಡಿ’ ಎಂದಷ್ಟೇ ಬರೆದರೆ ಮತ್ತೆ ಸಮರಿಯೇ ಕೈಗೆ ಬರುತ್ತದೆ. ವೈದ್ಯರ ದಿನವಹಿ ಟಿಪ್ಪಣಿ, ನರ್ಸ್ ಚಾರ್ಟ್, ಔಷಧಿ ಚಾರ್ಟ್, ಆಪರೇಷನ್ ಮತ್ತು ಅರಿವಳಿಕೆ ಟಿಪ್ಪಣಿ, ಸಮ್ಮತಿ ಪತ್ರ, ಲ್ಯಾಬ್ ವರದಿ, ಎಕ್ಸ್‌ರೇ ಎಂದು ಒಂದೊಂದನ್ನೂ ಹೆಸರಿಸಿ. ಮೂಳೆಯ ಆಪರೇಷನ್ನಿನಲ್ಲಿ ದೇಹದೊಳಗೆ ಹಾಕಿದ ಕೃತಕ ಭಾಗದ (ಇಂಪ್ಲಾಂಟ್) ಸ್ಟಿಕ್ಕರ್ ಇರುವ ಹಾಳೆಯನ್ನು ಮರೆಯದೆ ಕೇಳಿ. ಮುಂದೆ ಅದನ್ನು ತೆಗೆಯಬೇಕಾಗಿ ಬಂದರೆ ಕಂಪನಿ, ಅಳತೆ ಗೊತ್ತಾಗುವುದು ಅದರಿಂದಲೇ.

ತಡ ಮಾಡಬೇಡಿ. ಒಳರೋಗಿಯ ದಾಖಲೆ ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ. ಅದನ್ನು ಎಣಿಸುವುದು ಚಿಕಿತ್ಸೆ ಶುರುವಾದ ದಿನದಿಂದ, ಬಿಡುಗಡೆಯ ದಿನದಿಂದಲ್ಲ. ಈ ನಿಯಮ ಹೊರರೋಗಿಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಓಪಿಡಿ ಚೀಟಿಗಳನ್ನು ನೀವೇ ಜೋಪಾನ ಮಾಡಿ.

ಇಷ್ಟಾದರೂ ಕೊಡದಿದ್ದರೆ ಸೀಲಿನ ಪ್ರತಿಯೊಂದಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ. ನಿಯಮ ಕಟ್ಟಿಹಾಕುವುದು ವೈದ್ಯರನ್ನು. ಆದ್ದರಿಂದ ದೂರಿನಲ್ಲಿ ಚಿಕಿತ್ಸೆ ನೀಡಿದ ವೈದ್ಯರ ಹೆಸರಿರಲಿ, ಆಸ್ಪತ್ರೆಯ ಹೆಸರೊಂದೇ ಸಾಲದು.

ಪ್ರಶ್ನೆ: ಬಿಲ್ ಬಾಕಿಯಿದೆ ಎಂದು ಶವ ಕೊಡದೆ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಇಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಬಾಕಿ ಕಟ್ಟಿ ಎಂದು ಒತ್ತಾಯಿಸದೆ ಶವ ಒಪ್ಪಿಸಬೇಕು. ಹಾಗೆಂದು ಬಾಕಿ ಮನ್ನಾ ಆಗುವುದಿಲ್ಲ. ಅದನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು. ಕೊಡದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ. ಅದೇ ಹೊತ್ತಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗೆ ಫೋನ್ ಮಾಡಿ, ಅಂಥ ಗಳಿಗೆಯಲ್ಲಿ ಕಾಗದ ತಲುಪುವವರೆಗೆ ಕಾಯಲಾಗದು. ಅಪಘಾತ, ವಿಷಪ್ರಾಶನದಂಥ ಪ್ರಕರಣಗಳಲ್ಲಿ ಮರಣೋತ್ತರ ಪರೀಕ್ಷೆಗಾಗಿ ಪೊಲೀಸರ ಮೂಲಕವೇ ಶವ ಸಿಗುತ್ತದೆ. ಆ ವಿಳಂಬಕ್ಕೂ ಬಿಲ್ಲಿಗೂ ಸಂಬಂಧವಿಲ್ಲ.